ಪಥ್ಯವೆಂದರೆ ಉಪವಾಸವಲ್ಲ: ಕ್ಯಾನ್ಸರ್ ಪೀಡಿತ ಮಕ್ಕಳ ಆಹಾರ ಮತ್ತು ಇತಿಹಾಸದ ಪಾಠ

ರೋಗಿಗೆ ಪಥ್ಯ ಮಾಡಿಸುವುದು ನಮ್ಮ ನಾಡಿನ ಬಹು ಹಳೆಯ ರೂಢಿ. ಜ್ವರ ಬಂದರೆ ಅನ್ನ ಬಿಡಿಸುವುದು, ಕಾಮಾಲೆಯಾದರೆ ಎಣ್ಣೆ ಮತ್ತು ಮಾಂಸ ಬಿಡಿಸುವುದು, ಗಾಯವಾದರೆ ನಂಜಿನ ಪದಾರ್ಥಗಳನ್ನು ಬಿಡಿಸುವುದು, ಹೀಗೆ ಪಥ್ಯ ಎಂಬ ಪದಕ್ಕೆ ನಾವು ಕೊಟ್ಟುಕೊಂಡಿರುವ ಅರ್ಥವೆಲ್ಲ 'ಬಿಡಿಸುವುದ'ರಲ್ಲಿಯೇ ನಿಂತುಬಿಟ್ಟಿದೆ. ಪದದ ಮೂಲಾರ್ಥ ಹಾಗಿಲ್ಲ. ಪಥಕ್ಕೆ, ಅಂದರೆ ದಾರಿಗೆ, ಹಿತವಾದುದು ಪಥ್ಯ. ರೋಗದಿಂದ ಆರೋಗ್ಯದ ಕಡೆಗೆ ಹೊರಟವನ ಬುತ್ತಿಯದು. ಬುತ್ತಿಯನ್ನು ಕಿತ್ತುಕೊಂಡು ಪ್ರಯಾಣಕ್ಕೆ ಕಳುಹಿಸುವುದು ಪಥ್ಯವಾಗಲಾರದು.

ಈ ವ್ಯತ್ಯಾಸವು ಕೇವಲ ಪದಗಳದ್ದಾಗಿದ್ದರೆ ನಾವು ಅದನ್ನು ಪಂಡಿತರಿಗೆ ಬಿಟ್ಟುಬಿಡಬಹುದಿತ್ತು. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಒಂದು ಮನೆಯ ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ವೈದ್ಯರು ಹೇಳಿದ ದಿನದಿಂದ ಇದು ಆ ಮಗುವಿನ ಜೀವದ ಪ್ರಶ್ನೆಯಾಗುತ್ತದೆ. ಒಬ್ಬರು ಸಕ್ಕರೆ ಕೊಡಬೇಡಿ ಎನ್ನುತ್ತಾರೆ. ಇನ್ನೊಬ್ಬರು ಹಾಲು ಬೇಡವೆನ್ನುತ್ತಾರೆ. ಮೊಟ್ಟೆ ಉಷ್ಣ, ಮಾಂಸ ನಂಜು, ಬೆಲ್ಲ ಗಡ್ಡೆಗೆ ಆಹಾರ ಎಂದು ಮತ್ತೊಬ್ಬರು ಎಚ್ಚರಿಸುತ್ತಾರೆ. ಎಲ್ಲರೂ ಪ್ರೀತಿಯಿಂದಲೇ ಹೇಳುವವರು. ಎಲ್ಲರ ಮಾತನ್ನೂ ಕೇಳಿದ ತಾಯಿಯ ಮುಂದೆ ಕೊನೆಗೆ ಉಳಿಯುವುದು ತಿಳಿಗಂಜಿಯೊಂದೇ. ತೂಕ ಇಳಿದ ಮಗುವಿಗೆ ಸೋಂಕು ಬೇಗ ತಗಲುತ್ತದೆ, ಔಷಧದ ಪ್ರಮಾಣವನ್ನು ಕಡಿಮೆ ಮಾಡಬೇಕಾಗುತ್ತದೆ, ಕಿಮೋ ಚಿಕಿತ್ಸೆಯ ಸುತ್ತುಗಳು ಮುಂದಕ್ಕೆ ಹೋಗುತ್ತವೆ. ಚಿಕಿತ್ಸೆ ತಡವಾದಷ್ಟೂ ಕ್ಯಾನ್ಸರಿಗೆ ಅವಕಾಶ ಹೆಚ್ಚು. ಹಾಗಾದರೆ ರೋಗದಲ್ಲಿ ಆಹಾರದ ಸ್ಥಾನವೇನು? ಇತಿಹಾಸವು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನೇ ಇಟ್ಟುಕೊಂಡಿದೆ.

ಬೆಳ್ಳಿಯ ನಳಿಕೆ

ಪ್ರವಾದಿಯವರ(ಸ) ಮನೆಯಲ್ಲಿ ರೋಗಿಗಳಿಗೂ ದುಃಖತಪ್ತರಿಗೂ ತಲ್ಬೀನಾ ಎಂಬ ಗಂಜಿಯನ್ನು ಮಾಡಿಕೊಡುತ್ತಿದ್ದರೆಂದು ಹಝ್ರತ್ ಆಯಿಶಾ(ರ) ಅವರ ವರದಿಗಳಿಂದ ನಮಗೆ ತಿಳಿದಿದೆ. ಬಾರ್ಲಿಯ ಹಿಟ್ಟನ್ನು ಹಾಲಿನಂತೆ ತೆಳ್ಳಗೆ ಬೇಯಿಸಿದ ಸರಳವಾದ ಆಹಾರವದು. ರೋಗಿಯ ಹೃದಯಕ್ಕೆ ಅದು ಸಾಂತ್ವನ ನೀಡುತ್ತದೆಂದೂ, ರೋಗಿಗೆ ಅದು ಪ್ರಿಯವಾಗದಿದ್ದರೂ ಉಪಕಾರಿಯೆಂದೂ ಆ ವರದಿಗಳ ಸಾರ. ರೋಗಿಯನ್ನು ತಿನ್ನಲು ಬಲವಂತ ಮಾಡಬಾರದೆಂಬ ಆಶಯದ ಹದೀಸ್ ಕೂಡ ಇದೆ. ಈ ಎರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ ಒಂದು ಸಮತೋಲನ ಕಾಣುತ್ತದೆ. ರೋಗಿಯ ಬಾಯಿಗೆ ತುರುಕಬಾರದು, ಅವನನ್ನು ಹಸಿವಿಗೆ ಬಿಡಲೂಬಾರದು. ನುಂಗಲು ಸುಲಭವಾದುದನ್ನು ಸ್ವಲ್ಪ ಸ್ವಲ್ಪವಾಗಿ, ತಾಳ್ಮೆಯಿಂದ ಕೊಡಬೇಕು.

ಮುಂದಿನ ಶತಮಾನಗಳ ಮುಸ್ಲಿಮ್ ವೈದ್ಯರು ಈ ಎಳೆಯನ್ನು ಶಾಸ್ತ್ರವಾಗಿ ಬೆಳೆಸಿದರು. ಸುಮಾರು 925ರಲ್ಲಿ ನಿಧನರಾದ ಅಬೂಬಕರ್ ರಾಝಿಯವರು ಮಕ್ಕಳ ರೋಗಗಳ ಕುರಿತೇ ಪ್ರತ್ಯೇಕ ಗ್ರಂಥವನ್ನು ಬರೆದವರು. ಆಹಾರಗಳ ಪ್ರಯೋಜನ ಮತ್ತು ಅವುಗಳಿಂದಾಗುವ ಹಾನಿಯ ನಿವಾರಣೆಯನ್ನು ಕುರಿತ ಅವರ ಇನ್ನೊಂದು ಕೃತಿಯೂ ಪ್ರಸಿದ್ಧ. ಆದರೆ ನಮ್ಮ ವಿಷಯಕ್ಕೆ ಎಲ್ಲರಿಗಿಂತ ಹತ್ತಿರದವರು ಸ್ಪೇನಿನ ಸೆವಿಲ್ಲೆಯ ಇಬ್ನು ಝುಹ್ರ್. 1162ರಲ್ಲಿ ನಿಧನರಾದ ಈ ವೈದ್ಯರು ಆಹಾರಗಳ ಬಗ್ಗೆ ಒಂದು ಗ್ರಂಥ ಬರೆದುದಲ್ಲದೆ, ತಮ್ಮ 'ತೈಸೀರ್' ಎಂಬ ಕೃತಿಯಲ್ಲಿ ಅನ್ನನಾಳದ ತಡೆಯಿಂದ ನುಂಗಲಾರದ ರೋಗಿಗಳ ಸ್ಥಿತಿಯನ್ನು ವಿವರಿಸಿದ್ದಾರೆ. ಅಂತಹವರಿಗೆ ಬೆಳ್ಳಿಯ ನಳಿಕೆಯ ಮೂಲಕ ಹಾಲಿನಂತಹ ದ್ರವಾಹಾರವನ್ನು ಹೊಟ್ಟೆಗೆ ಸೇರಿಸುವ ಕ್ರಮವನ್ನು ಅವರು ಹೇಳಿದರು. ರೋಗ ಗುಣವಾಗುವುದೋ ಇಲ್ಲವೋ, ರೋಗಿಯ ಪೋಷಣೆ ನಿಲ್ಲಕೂಡದೆಂಬುದು ಅದರ ಹಿಂದಿನ ನಿಲುವು.

ಇಂದು ಬಾಯಿಯ ತುಂಬ ಹುಣ್ಣಾಗಿ ಮಗು ನುಂಗಲಾರದೆ ಹೋದಾಗ ವೈದ್ಯರು ಮೂಗಿನ ಮೂಲಕ ತೆಳುವಾದ ನಳಿಕೆಯೊಂದನ್ನು ಹಾಕಿ ಆಹಾರ ಕೊಡೋಣವೆನ್ನುತ್ತಾರೆ. ಅದನ್ನು ಕೇಳಿದೊಡನೆ ನಮ್ಮ ಮನೆಗಳಲ್ಲಿ ಅಳು ಆರಂಭವಾಗುತ್ತದೆ. ನಳಿಕೆ ಬಂತೆಂದರೆ ಆಸೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಆ ನಳಿಕೆಯು ಸೋಲಿನ ಗುರುತಲ್ಲ. ಹುಣ್ಣು ಮಾಯುವ ತನಕ ಮಗುವಿನ ಬಲ ಕುಂದದಂತೆ ಕಾಯುವ ಉಪಾಯವದು. ಎಂಟೂವರೆ ಶತಮಾನಗಳ ಹಿಂದೆ ನಮ್ಮದೇ ಪರಂಪರೆಯ ಒಬ್ಬ ಮಹಾವೈದ್ಯರು ಅದರ ಪೂರ್ವರೂಪವನ್ನು ಬಳಸಿದ್ದರೆಂಬ ತಿಳಿವಳಿಕೆ ಕೆಲವು ತಾಯಂದಿರಿಗಾದರೂ ಧೈರ್ಯ ತಂದೀತು.

ಮುಂಬಯಿಯಿಂದ ಬೋಸ್ಟನ್‌ಗೆ

ಮಕ್ಕಳ ರಕ್ತದ ಕ್ಯಾನ್ಸರಿಗೆ ಮೊತ್ತಮೊದಲ ಪರಿಣಾಮಕಾರಿ ಔಷಧವು ಆಹಾರದ ಸಂಶೋಧನೆಯಿಂದಲೇ ಹುಟ್ಟಿತೆಂಬುದು ಬಹಳ ಮಂದಿಗೆ ತಿಳಿಯದು. ಆ ಕಥೆ ಆರಂಭವಾಗುವುದು ನಮ್ಮ ದೇಶದಲ್ಲಿ, ಬಡ ಗರ್ಭಿಣಿಯರ ನಡುವೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಜವಳಿ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರಲ್ಲಿ ಕಾಣಿಸುತ್ತಿದ್ದ ತೀವ್ರ ರಕ್ತಹೀನತೆಯ ಕಾರಣವನ್ನು ಹುಡುಕುವುದು ಅವರ ಕೆಲಸ. ಯಾವ ಮನೆಯಲ್ಲಿ ಏನು ತಿನ್ನುತ್ತಾರೆಂಬುದನ್ನು ಅವರು ಪರಿಶೀಲಿಸಿದರು. ಬಡ ಮುಸ್ಲಿಮ್ ಹೆಣ್ಣುಮಕ್ಕಳ ಊಟದಲ್ಲಿ ಸೊಪ್ಪು, ಹಣ್ಣು, ಹಾಲು ತೀರಾ ಕಡಿಮೆಯಿದ್ದುದು ಅವರ ಗಮನಕ್ಕೆ ಬಂತು. ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿಯೂ ಅವರು ಕೆಲಸ ಮಾಡಿದರು. ಕೊನೆಗೆ ಈಸ್ಟಿನ ಸಾರದಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ಆಹಾರವು ಆ ತಾಯಂದಿರ ರಕ್ತವನ್ನು ಸುಧಾರಿಸುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿ ಅಡಗಿದ್ದ ಅಂಶವೇ ಮುಂದೆ 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ 'ಫೋಲಿಕ್ ಆಮ್ಲ'ವೆಂದು ಹೆಸರಿಸಲ್ಪಟ್ಟ ಜೀವಸತ್ವ.

ರಕ್ತ ವೃದ್ಧಿಸುವ ಈ ಜೀವಸತ್ವವನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೂ ಕೊಟ್ಟರೆ ಹೇಗೆ ಎಂದು ವೈದ್ಯರು ಯೋಚಿಸಿದ್ದು ಸಹಜ. ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಹಾಗೆಯೇ ಮಾಡಿದರು. ಫಲಿತಾಂಶ ವಿಪರೀತವಾಗಿತ್ತು. ರೋಗವು ಇನ್ನಷ್ಟು ವೇಗವಾಗಿ ಬೆಳೆದಂತೆ ಅವರಿಗೆ ಕಂಡಿತು. ಅಲ್ಲಿಂದ ಅವರ ಯೋಚನೆ ತಿರುಗಿತು: ಈ ಜೀವಸತ್ವವನ್ನು ಬಳಸಿಕೊಂಡು ಕ್ಯಾನ್ಸರ್ ಕೋಶಗಳು ಬೆಳೆಯುತ್ತವೆಯಾದರೆ, ಅದನ್ನು ಬಳಸಿಕೊಳ್ಳದಂತೆ ತಡೆದರೆ ಅವು ಸಾಯಬೇಕಲ್ಲವೇ? ಅಂತಹ ತಡೆಗಟ್ಟುವ ದ್ರವ್ಯವನ್ನು ಸಿದ್ಧಪಡಿಸಿ ಕೊಟ್ಟವರು ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸಂಶೋಧಕರ ತಂಡವನ್ನು ಮುನ್ನಡೆಸುತ್ತಿದ್ದ ಯಲ್ಲಾಪ್ರಗಡ ಸುಬ್ಬರಾವ್. ಆ ಔಷಧದ ಹೆಸರು ಅಮಿನಾಪ್ಟೆರಿನ್. 1948ರ ಜೂನ್‌ನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಂತೆ 16 ಮಕ್ಕಳ ಪೈಕಿ 10 ಮಂದಿಯಲ್ಲಿ ಸುಧಾರಣೆ ಕಂಡಿತು. ಅದು ತಾತ್ಕಾಲಿಕವೇ ಆಗಿತ್ತು. ಆದರೂ ಅಲ್ಲಿಯತನಕ ಕೆಲವೇ ವಾರ, ತಿಂಗಳುಗಳಲ್ಲಿ ಮರಣವನ್ನೇ ತರುತ್ತಿದ್ದ ರೋಗವು ಮೊದಲ ಬಾರಿಗೆ ಹಿಂದೆ ಸರಿದಿತ್ತು. ಇಂದು ಮಕ್ಕಳಿಗೆ ಕೊಡುವ ಮೆಥೊಟ್ರೆಕ್ಸೇಟ್ ಅದೇ ವಂಶದ ಔಷಧ.

ಈ ಇತಿಹಾಸದಲ್ಲಿ ಎರಡು ಪಾಠಗಳಿವೆ. ಒಳ್ಳೆಯ ಪೋಷಕಾಂಶವಾದರೂ ಸರಿ, ವೈದ್ಯರನ್ನು ಕೇಳದೆ ಮಾತ್ರೆ ಮತ್ತು ಟಾನಿಕ್ಕಿನ ರೂಪದಲ್ಲಿ ಕೊಡಬಾರದೆಂಬುದು ಮೊದಲನೆಯದು. ರಕ್ತಕ್ಕೆ ಒಳ್ಳೆಯದೆಂದು ಅಂಗಡಿಯಿಂದ ತಂದು ಕುಡಿಸಿದ ಟಾನಿಕ್ ಆಸ್ಪತ್ರೆಯ ಔಷಧದ ಕೆಲಸಕ್ಕೇ ಅಡ್ಡ ಬರಬಹುದು. ಎರಡನೆಯ ಪಾಠ ಇನ್ನೂ ಮುಖ್ಯ. ಈ ಔಷಧಗಳು ಹಸಿವಿನಿಂದ ಕೊಲ್ಲುವುದು ಕ್ಯಾನ್ಸರ್ ಕೋಶವನ್ನು. ಮಗುವನ್ನು ಹಸಿವಿಗೆ ಹಾಕುವುದು ಅವುಗಳ ಉದ್ದೇಶವಲ್ಲ. ಉಪವಾಸ ಕೋಶಕ್ಕಿರಲಿ, ಕೂಸಿಗೆ ಬೇಡ.

ಔಷಧದ ಜೊತೆಗೆ ಅನ್ನ

1962ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ ಬಾಗಿಲು ತೆರೆಯಿತು. ಅದನ್ನು ಕಟ್ಟಿಸಿದವರು ಲೆಬನಾನ್ ಮೂಲದ ಕ್ರೈಸ್ತ ಕಲಾವಿದ ಡ್ಯಾನಿ ಥಾಮಸ್. ಅದಕ್ಕೆ ಹಣ ಕೂಡಿಸಲು ಅವರು 1957ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಲೆಬನಾನ್ ಮತ್ತು ಸಿರಿಯಾ ಮೂಲದವರನ್ನು ಒಂದು ಸಂಘಟನೆಯಲ್ಲಿ ಸೇರಿಸಿದ್ದರು. ಆಸ್ಪತ್ರೆಯ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಹಲವು ಔಷಧಗಳನ್ನು ಒಟ್ಟಿಗೆ ಬಳಸುವ ಚಿಕಿತ್ಸಾಕ್ರಮವನ್ನು ರೂಪಿಸಿದರು. 1970ರ ಸುಮಾರಿಗೆ ಆ ಬಗೆಯ ರಕ್ತದ ಕ್ಯಾನ್ಸರಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಗುಣವಾಗಬಲ್ಲರೆಂಬ ಹಂತ ಬಂತು.

ಅದೇ ಆಸ್ಪತ್ರೆಯ ವೈದ್ಯರು ನಗರದ ಬಡ ಕೇರಿಗಳ ಮಕ್ಕಳಲ್ಲಿ ಅಪೌಷ್ಟಿಕತೆಯನ್ನು ಕಂಡರು. ಅವರು ಅದನ್ನು ಸಮಾಜ ಕಲ್ಯಾಣದವರ ಕೆಲಸವೆಂದು ಪಕ್ಕಕ್ಕಿಡಲಿಲ್ಲ. ಔಷಧದ ಚೀಟಿ ಬರೆಯುವ ಕೈಯಿಂದಲೇ ಆಹಾರದ ಚೀಟಿಯನ್ನೂ ಬರೆದರು. ಆ ಕಾರ್ಯಕ್ರಮವು ಮುಂದೆ ತಾಯಂದಿರಿಗೂ ಶಿಶುಗಳಿಗೂ ಪೌಷ್ಟಿಕ ಆಹಾರ ನೀಡುವ ಅಮೆರಿಕ ಸರಕಾರದ ಯೋಜನೆಗೆ ಪ್ರೇರಣೆಗಳಲ್ಲಿ ಒಂದಾಯಿತು. ಇಂದು ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಆ ಪ್ರಮಾಣ ಬಹಳ ಕಡಿಮೆ. 2030ರ ವೇಳೆಗೆ ಜಗತ್ತಿನಾದ್ಯಂತ ಕನಿಷ್ಠ 60ರಷ್ಟನ್ನಾದರೂ ಮುಟ್ಟಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿಯಿಟ್ಟಿತು. ಈ ಅಂತರಕ್ಕೆ ತಡವಾದ ರೋಗಪತ್ತೆ, ಅರ್ಧಕ್ಕೇ ಬಿಟ್ಟ ಚಿಕಿತ್ಸೆ ಮೊದಲಾದ ಹಲವು ಕಾರಣಗಳಿವೆ. ಮಗುವಿನ ಅಪೌಷ್ಟಿಕತೆ ಅವುಗಳಲ್ಲೊಂದು. ನಮ್ಮ ಕೈಯಿಂದ ಇಂದೇ ಸರಿಪಡಿಸಬಹುದಾದುದೂ ಅದೇ.

ಆಹಾರ ಸಚಿವರ ಹೆಸರಿನ ಆಸ್ಪತ್ರೆ

ಮಂಡ್ಯದ ಕಡೆಯ ಜನರಿಗೆ ಕ್ಯಾನ್ಸರ್ ಎಂದೊಡನೆ ನೆನಪಾಗುವ ಹೆಸರು ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತ ಸಂಸ್ಥೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಕರ್ನಾಟಕದ ಮತ್ತು ನೆರೆ ರಾಜ್ಯಗಳ ಬಡವರಿಗೆ ದೊಡ್ಡ ಆಸರೆ. ಮಂಡ್ಯದಲ್ಲಿಯೂ ಅದರ ಒಂದು ಉಪಕೇಂದ್ರ ಸ್ಥಾಪನೆಯಾಯಿತು. 2006ರಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಜಿಲ್ಲೆಯಲ್ಲಿ ಚಿಕಿತ್ಸೆಯ ಅನುಕೂಲ ಇನ್ನಷ್ಟು ಬೆಳೆದಿದೆ. ಆದರೂ ಮಕ್ಕಳ ಕ್ಯಾನ್ಸರಿನ ದೀರ್ಘ ಚಿಕಿತ್ಸೆಗೆ ಜನರು ಬಹುಮಟ್ಟಿಗೆ ಬೆಂಗಳೂರು ಅಥವಾ ಮೈಸೂರಿನ ದಾರಿ ಹಿಡಿಯುತ್ತಾರೆ.

ಆ ಆಸ್ಪತ್ರೆಯ ಹೆಸರಿನ ಹಿಂದಿರುವ ವ್ಯಕ್ತಿಯನ್ನು ನಾವು ಮರೆತಿದ್ದೇವೆ. ರಫಿ ಅಹ್ಮದ್ ಕಿದ್ವಾಯಿ 1894ರಲ್ಲಿ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯಲ್ಲಿ ಜನಿಸಿದ ಸ್ವಾತಂತ್ರ್ಯ ಹೋರಾಟಗಾರರು. ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರು. 1952ರಲ್ಲಿ ಅವರು ಆಹಾರ ಮತ್ತು ಕೃಷಿ ಖಾತೆಯನ್ನು ವಹಿಸಿಕೊಂಡಾಗ ದೇಶದಲ್ಲಿ ಧಾನ್ಯದ ಅಭಾವ, ಪಡಿತರ, ಕಾಳಸಂತೆಗಳು ತಾಂಡವವಾಡುತ್ತಿದ್ದವು. ಧಾನ್ಯದ ಮೇಲಿನ ನಿಯಂತ್ರಣಗಳನ್ನು ಒಂದೊಂದಾಗಿ ಸಡಿಲಿಸಿ ಅನ್ನವು ಮಾರುಕಟ್ಟೆಗೆ ಬರುವಂತೆ ಮಾಡಿದ ಧೈರ್ಯ ಅವರದು. 1954ರ ಅಕ್ಟೋಬರ್ 24ರಂದು ಅಧಿಕಾರದಲ್ಲಿರುವಾಗಲೇ ಅವರು ತೀರಿಕೊಂಡರು. ಕೃಷಿ ಸಂಶೋಧನೆಗೆ ನೀಡುವ ರಾಷ್ಟ್ರೀಯ ಪುರಸ್ಕಾರವೊಂದಕ್ಕೂ ಅವರ ಹೆಸರನ್ನು ಇಡಲಾಗಿತ್ತು. ಅನ್ನದ ಸಂಶೋಧನೆಗೂ ಕ್ಯಾನ್ಸರಿನ ಚಿಕಿತ್ಸೆಗೂ ಒಬ್ಬರದೇ ಹೆಸರು. ಈ ಎರಡು ಕೆಲಸಗಳು ಬೇರೆ ಬೇರೆಯಲ್ಲವೆಂದು ಆ ಹೆಸರೇ ನಮಗೆ ನೆನಪಿಸಲಿ.

ನಮ್ಮ ನೆಲದ ಊಟ

ಕ್ಯಾನ್ಸರಿನ ಮಗುವಿಗೆ ವಿಶೇಷ ಆಹಾರವೆಂದರೆ ದುಬಾರಿ ಡಬ್ಬಗಳ ಪುಡಿ, ವಿದೇಶದ ಹಣ್ಣು ಎಂದು ಅನೇಕರು ಹೆದರುತ್ತಾರೆ. ಕೆಲವು ಮಕ್ಕಳಿಗೆ ವೈದ್ಯರೇ ಅಂತಹ ಪುಡಿಯನ್ನು ಸೂಚಿಸುವುದುಂಟು. ಆದರೆ ಬೇಕಾದ ಶಕ್ತಿ ಮತ್ತು ಪ್ರೋಟೀನಿನ ಬಹುಭಾಗವನ್ನು ಮಂಡ್ಯದ ಮಣ್ಣೇ ಕೊಡಬಲ್ಲುದು.

ರಾಗಿಯನ್ನೇ ನೋಡೋಣ. ಪೂರ್ವ ಆಫ್ರಿಕದ ಎತ್ತರದ ನೆಲಗಳಲ್ಲಿ, ನಾವು ಹಬಶಾ ಎಂದು ಕರೆಯುವ ಇಥಿಯೋಪಿಯದ ಸುತ್ತಲಿನ ಸೀಮೆಯಲ್ಲಿ ಅದು ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ದುಡಿದ ಲಕ್ಷ್ಮಣಯ್ಯನವರು ಅನ್ನಪೂರ್ಣ, ಕಾವೇರಿ ಮುಂತಾದ ತಳಿಗಳನ್ನು ಕೊಟ್ಟ ಬಳಿಕ, ಭಾರತದ ಮತ್ತು ಆಫ್ರಿಕದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಸೃಷ್ಟಿಸಿದರು. ಎರಡು ಖಂಡಗಳ ಹೆಸರೇ ಆ ತಳಿಯ ಹೆಸರಿನಲ್ಲಿದೆ. ಕನ್ನಡ ನಾಡಿನ ಬಡವರ ಹೊಟ್ಟೆ ತುಂಬಿಸಿದ ಆ ವಿಜ್ಞಾನಿಗೆ ನಾವೆಲ್ಲರೂ ಋಣಿಗಳು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಗಿಲಾದ ಸುಣ್ಣದ ಅಂಶವಿದೆ. ಚಿಕಿತ್ಸೆಯಲ್ಲಿ ಬಳಸುವ ಸ್ಟೀರಾಯ್ಡ್‌ಗಳು ಮೂಳೆಯನ್ನು ಸಡಿಲಿಸುವುದರಿಂದ ಇದು ಸಣ್ಣ ಸಂಗತಿಯಲ್ಲ. ಬಾಯಿ ಹುಣ್ಣಾದಾಗ ಮುದ್ದೆ ಆಗದು. ಮೊಳಕೆ ಕಟ್ಟಿಸಿ ಹುರಿದ ರಾಗಿಯ ಹಿಟ್ಟನ್ನು ಹಾಲಿನಲ್ಲಿ ಚೆನ್ನಾಗಿ ಬೇಯಿಸಿ, ಒಂದು ಚಮಚ ತುಪ್ಪ ಬೆರೆಸಿ, ಉಗುರುಬೆಚ್ಚಗೆ ಆರಿಸಿದ ಸರಿಯನ್ನು ಮಗು ನುಂಗಬಲ್ಲುದು. ನಮ್ಮ ಸೀಮೆಯ ತಲ್ಬೀನಾ ಅದೇ.

ಹಾಲಿಗೂ ಕೊರತೆಯಿಲ್ಲ. ಮದ್ದೂರು ತಾಲೂಕಿನ ಗೆಜ್ಜಲಗೆರೆಯ ಡೇರಿಯಿಂದ ಬರುವ ಪಾಶ್ಚರೀಕರಿಸಿದ ಹಾಲನ್ನು ಮತ್ತೆ ಕುದಿಸಿ ಕೊಡಬಹುದು. ಕರೆದ ಹಸಿ ಹಾಲನ್ನು ಹಾಗೆಯೇ ಕೊಡಬಾರದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ ಬಡವನ ಔಷಧ. ಮಳವಳ್ಳಿ ತಾಲೂಕಿನ ಬಂಡೂರು ಕುರಿ ದೇಶಕ್ಕೇ ಪ್ರಸಿದ್ಧ. ಆ ಮಾಂಸವನ್ನು ಖಾರವಿಲ್ಲದೆ ಮೆತ್ತಗೆ ಬೇಯಿಸಿದ ಶೋರ್ಬಾ ಹಸಿವು ಸತ್ತ ನಾಲಿಗೆಗೂ ರುಚಿ ತರುತ್ತದೆ. ಆದರೆ ಬರಿಯ ತಿಳಿಯನ್ನು ಕುಡಿಸಿದರೆ ಸಾಲದು. ಪ್ರೋಟೀನ್ ಇರುವುದು ಮಾಂಸದಲ್ಲಿ, ಅದನ್ನೂ ಅರೆದು ಬೆರೆಸಬೇಕು. ಮಾಂಸ ತಿನ್ನದ ಮನೆಗಳಲ್ಲಿ ಬೇಳೆ, ಕಡಲೆಕಾಯಿ, ಪನೀರ್‌ಗಳು ಆ ಕೆಲಸವನ್ನು ಮಾಡುತ್ತವೆ.

ಇದೇ ನೆಲದ ಕೆಲವು ಪ್ರಿಯ ವಸ್ತುಗಳಲ್ಲಿ ಎಚ್ಚರಿಕೆ ಬೇಕು. ಮದ್ದೂರಿನ ಎಳನೀರು ಒಳ್ಳೆಯದೇ ಆದರೂ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಚಿಕಿತ್ಸೆಯ ಮೊದಲ ದಿನಗಳಲ್ಲಿ ಅಥವಾ ಮೂತ್ರಪಿಂಡಕ್ಕೆ ತೊಂದರೆಯಿದ್ದಾಗ ವೈದ್ಯರನ್ನು ಕೇಳಿಯೇ ಕೊಡಬೇಕು. ಬಿಳಿ ರಕ್ತಕಣಗಳು ಇಳಿದಿರುವಾಗ ರಸ್ತೆ ಬದಿಯ ಕಬ್ಬಿನ ಹಾಲು, ಕತ್ತರಿಸಿಟ್ಟ ಹಣ್ಣು, ಹೋಟೆಲಿನ ಹಸಿ ಚಟ್ನಿ ಬೇಡ. ಮಗು ಮದ್ದೂರು ವಡೆಗೆ ಹಟ ಹಿಡಿದರೆ ಮನೆಯಲ್ಲಿಯೇ ಮಾಡಿ ಬಿಸಿಬಿಸಿಯಾಗಿ ಒಂದು ತುಂಡು ಕೊಡಿ. ಆಸೆಯಿಂದ ತಿಂದ ತುಂಡೂ ಅನ್ನವೇ.

ಸಕ್ಕರೆ ನಾಡಿನ ಭಯ

ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ ಮಂಡ್ಯವು ಸಕ್ಕರೆಯ ನಾಡಾಯಿತು. ಅದೇ ನಾಡಿನಲ್ಲಿ ಇಂದು ಸಕ್ಕರೆಯೇ ಕ್ಯಾನ್ಸರಿಗೆ ಅನ್ನವೆಂಬ ಭಯ ಮನೆಮನೆಗೆ ಹಬ್ಬಿದೆ. ಇದರ ಬೇರು 1920ರ ದಶಕದಲ್ಲಿದೆ. ಜರ್ಮನಿಯ ಒಟ್ಟೊ ವಾರ್‌ಬರ್ಗ್ ಎಂಬ ವಿಜ್ಞಾನಿ ಗಡ್ಡೆಯ ಕೋಶಗಳು ಗ್ಲುಕೋಸನ್ನು ಅತಿಯಾಗಿ ಬಳಸುತ್ತವೆಂದು ಕಂಡುಹಿಡಿದರು. ಆ ಸಂಗತಿ ನಿಜ. ಆದರೆ ಮಗುವಿಗೆ ಸಿಹಿ ಬಿಡಿಸಿದರೆ ಗಡ್ಡೆ ಒಣಗುತ್ತದೆಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ಮಿದುಳಿಗೂ ರಕ್ತಕಣಗಳಿಗೂ ಗ್ಲುಕೋಸ್ ಬೇಕೇ ಬೇಕು. ಊಟದಲ್ಲಿ ಸಿಗದಿದ್ದರೆ ದೇಹವು ತನ್ನ ಮಾಂಸಖಂಡವನ್ನೇ ಕರಗಿಸಿ ಅದನ್ನು ತಯಾರಿಸುತ್ತದೆ. ಸ್ಟೀರಾಯ್ಡಿನಿಂದ ರಕ್ತದ ಸಕ್ಕರೆ ಏರಿದಾಗ ವೈದ್ಯರು ಮಿತಿ ಹೇಳುತ್ತಾರೆ. ಆ ಮಾತು ಬೇರೆ.

ಸೋಂಕಿನ ಭಯದಿಂದ ಹಣ್ಣು ತರಕಾರಿಗಳನ್ನೆಲ್ಲ ನಿಷೇಧಿಸುವ ಕಟ್ಟುನಿಟ್ಟಿನ ಪಥ್ಯವು ಆಸ್ಪತ್ರೆಗಳಲ್ಲಿಯೂ ಬಹುಕಾಲ ನಡೆದುಬಂತು. 2018ರಲ್ಲಿ ಪ್ರಕಟವಾದ, ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ 150 ಮಕ್ಕಳ ಮೇಲಿನ ಒಂದು ಅಧ್ಯಯನದಲ್ಲಿ ಈ ನಿಷೇಧದ ಪಥ್ಯವನ್ನೂ ಸಾಮಾನ್ಯ ಆಹಾರ ಶುಚಿತ್ವದ ನಿಯಮಗಳನ್ನೂ ಹೋಲಿಸಲಾಯಿತು. ಸೋಂಕಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಕೈ ತೊಳೆಯುವುದು, ನೀರು ಕುದಿಸುವುದು, ತೊಳೆದು ಸಿಪ್ಪೆ ಸುಲಿದ ಹಣ್ಣು ಕೊಡುವುದು, ಮಾಡಿದ ಅಡಿಗೆಯನ್ನು ಆಗಲೇ ಉಣಿಸುವುದು, ಇಷ್ಟು ಶುಚಿತ್ವವೇ ನಿಜವಾದ ರಕ್ಷಣೆ. ಶುಚಿತ್ವವನ್ನು ವಿಶ್ವಾಸದ ಭಾಗವೆಂದು ಕಲಿತ ಸಮುದಾಯಕ್ಕೆ ಇದು ಕಷ್ಟವಾಗಬಾರದು.

ನಮ್ಮ ಕಬರಸ್ತಾನಗಳಲ್ಲಿ ತಾನಾಗಿ ಅರಳುವ ನಿತ್ಯಪುಷ್ಪ ಗಿಡದಿಂದಲೇ ವಿನ್‌ಕ್ರಿಸ್ಟಿನ್ ಎಂಬ ಔಷಧ ಸಿಗುತ್ತದೆ. ಹಾಗೆಂದು ಆ ಎಲೆಯನ್ನು ಅರೆದು ಕುಡಿಸಿದರೆ ಅದು ವಿಷವಾಗುತ್ತದೆ. ಕರಿಜೀರಿಗೆ, ಜೇನುಗಳ ಮೇಲೆ ನಮಗೆ ಗೌರವವಿದೆ. ಆ ಗೌರವವು ಆಸ್ಪತ್ರೆಯ ಔಷಧವನ್ನು ಬಿಡಿಸಲು ನೆಪವಾಗಬಾರದು. ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನಿರಿಸಿದ್ದಾನೆಂದು ನಂಬುವವರು ಆ ಮದ್ದನ್ನು ಬಲ್ಲವರ ಬಳಿ ಹುಡುಕಬೇಕು. ಏನನ್ನು ಕೊಡುವುದಿದ್ದರೂ ವೈದ್ಯರಿಗೂ ಆಸ್ಪತ್ರೆಯ ಆಹಾರ ತಜ್ಞರಿಗೂ ಮುಚ್ಚಿಡದೆ ಹೇಳಬೇಕು.

ನಮ್ಮ ಹೊಣೆ

ಸರಕಾರದ ಯೋಜನೆಗಳು ಚಿಕಿತ್ಸೆಯ ವೆಚ್ಚವನ್ನು ಬಹುಮಟ್ಟಿಗೆ ಭರಿಸಬಹುದು. ಆದರೆ ಮಳವಳ್ಳಿಯ ಕೂಲಿಯವನೊಬ್ಬ ಮಗುವಿನೊಂದಿಗೆ ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ಉಳಿದಾಗ ದಿನದ ಹಾಲು, ಮೊಟ್ಟೆ, ಒಲೆ, ಬಾಡಿಗೆಗಳ ಲೆಕ್ಕ ಯಾವ ಕಾರ್ಡಿನಲ್ಲಿಯೂ ಬರುವುದಿಲ್ಲ. ಝಕಾತಿನ ಹಕ್ಕುದಾರರಲ್ಲಿ ಬಡವರು, ಸಾಲದಲ್ಲಿ ಸಿಲುಕಿದವರು, ದಾರಿಯಲ್ಲಿರುವವರು ಸೇರಿದ್ದಾರೆ. ಇಂತಹ ಎಷ್ಟೋ ತಂದೆತಾಯಂದಿರು ಏಕಕಾಲಕ್ಕೆ ಈ ಮೂರೂ ಆಗಿರುತ್ತಾರೆ. ಸದಕಾಕ್ಕಂತೂ ಜಾತಿ ಧರ್ಮಗಳ ಗೆರೆಯೇ ಇಲ್ಲ. ಒಂದು ಮಸೀದಿಯ ಜಮಾಅತ್ ಒಂದು ಮಗುವಿನ ಆರು ತಿಂಗಳ ಹಾಲು ಮೊಟ್ಟೆಯ ಹೊಣೆ ಹೊತ್ತರೆ ಸಾಕು. ರೋಗಿಯನ್ನು ನೋಡಲು ಗುಂಪಾಗಿ ಹೋಗಿ ಸೋಂಕು ಒಯ್ಯುವ ಬದಲು ಆ ಪ್ರಯಾಣದ ಹಣವನ್ನು ಅವರ ಅಡಿಗೆಗೆ ಕಳುಹಿಸಬಹುದು. ರಮಝಾನಿನಲ್ಲಿ ದೊಡ್ಡವರನ್ನು ನೋಡಿ ಉಪವಾಸಕ್ಕೆ ಹಟ ಹಿಡಿಯುವ ಮಗುವಿಗೆ, ರೋಗಿಗೆ ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ, ನಿನ್ನ ಊಟವೇ ಈಗ ನಿನ್ನ ಇಬಾದತ್ ಎಂದು ತಿಳಿಹೇಳಬಹುದು.

ನಾಳೆ ಪರಲೋಕದಲ್ಲಿ ಅಲ್ಲಾಹನು ತನ್ನ ದಾಸನನ್ನು ಪ್ರಶ್ನಿಸುವ ಸಂದರ್ಭವನ್ನು ಪ್ರವಾದಿಯವರು(ಸ) ವಿವರಿಸಿದ್ದಾರೆ. ರೋಗಿಯನ್ನು ಸಂದರ್ಶಿಸದೆ ಹೋದುದೂ ಹಸಿದವನಿಗೆ ಉಣಿಸದೆ ಹೋದುದೂ ಅಲ್ಲಿ ಒಟ್ಟಿಗೇ ವಿಚಾರಣೆಗೆ ಬರುತ್ತವೆ. ಕ್ಯಾನ್ಸರಿನ ಹಾಸಿಗೆಯಲ್ಲಿ ಹಸಿದು ಮಲಗಿದ ಮಗುವಿನ ಮುಂದೆ ಆ ಎರಡು ಪ್ರಶ್ನೆಗಳು ಒಂದೇ ಆಗುತ್ತವೆ. ಅದಕ್ಕೆ ಉತ್ತರ ಕೊಡುವ ಅವಕಾಶ ನಮಗೆ ಈ ಲೋಕದಲ್ಲಿಯೇ ಇದೆ.